ಜಾಹೀರಾತಿಗೆ ಜಾಗವಿದೆ, ಹಾರ್ಮೋನಿನ ಸುದ್ದಿಗೆ ಯಾಕಿಲ್ಲ?

ಜಿಲ್ಲಾ ಮಟ್ಟದ ಯಾವುದಾದರೂ ಪತ್ರಿಕೆಯ ಒಳಪುಟ ತೆಗೆದು ನೋಡಿ. ಸೈಟು ಮಾರಾಟ, ಬೋರ್‌ವೆಲ್ ಪಾಯಿಂಟ್, ಹೆಸರು ಬದಲಾವಣೆ, ಶ್ರದ್ಧಾಂಜಲಿ ಇವುಗಳ ನಡುವೆ ಎರಡು ಇಂಚಿನ ಒಂದು ಬಾಕ್ಸ್ ಕಣ್ಣಿಗೆ ಬೀಳುತ್ತದೆ. ಪುರುಷರ ಸಕಲ ಸಮಸ್ಯೆಗೆ ಗ್ಯಾರಂಟಿ ಪರಿಹಾರ, ಗೌಪ್ಯತೆ ಕಾಪಾಡಲಾಗುವುದು, ಪ್ರತಿ ತಿಂಗಳ ಎರಡನೇ ಭಾನುವಾರ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜ್‌ನಲ್ಲಿ ಭೇಟಿ ಅಂತ ಇರುತ್ತದೆ. ಕೆಳಗೆ ಎರಡು ಮೊಬೈಲ್ ನಂಬರು. ವೈದ್ಯರ ಹೆಸರಿನ ಮುಂದೆ ಡಾ. ಇರುತ್ತದೆ, ಹಿಂದೆ ಡಿಗ್ರಿ ಇರುವುದಿಲ್ಲ. ಇದ್ದರೂ ಅದು ಯಾವ ವಿಶ್ವವಿದ್ಯಾಲಯದ್ದು ಅಂತ ತಿಳಿಯುವುದಿಲ್ಲ.

ಈ ಬಾಕ್ಸ್ ಹೊಸದಲ್ಲ. ಹೊಸದು ಅದರೊಳಗಿನ ಭಾಷೆ. ಹಿಂದೆ ಧಾತು, ನರದೌರ್ಬಲ್ಯ, ಶಕ್ತಿಹೀನತೆ ಅಂತ ಇರುತ್ತಿದ್ದ ಕಡೆ ಈಗ ಟೆಸ್ಟೋಸ್ಟೆರಾನ್ ಅಂತ ಬರುತ್ತಿದೆ. ಲೇಹ್ಯದ ಡಬ್ಬಿಯ ಮೇಲೆ ‘ಟೆಸ್ಟೋ’ ಸೇರಿಕೊಂಡಿದೆ. ಜಿಮ್‌ಗಳಲ್ಲಿ ‘ಟೆಸ್ಟ್’ ಅನ್ನುವ ಒಂದೇ ಪದಕ್ಕೆ ಹುಡುಗರಿಗೆ ಅರ್ಥವಾಗುತ್ತದೆ. ಲ್ಯಾಬ್‌ಗಳು ‘ಮೆನ್ಸ್ ಹಾರ್ಮೋನ್ ಪ್ಯಾಕೇಜ್’ ಅಂತ ಕರಪತ್ರ ಹಂಚುತ್ತಿವೆ. ಮೊಬೈಲ್ ತೆರೆದರೆ ಬೆಂಗಳೂರಿನ, ಮುಂಬೈಯ ವಿಡಿಯೋದವರು ‘ನಲವತ್ತಾದ ಮೇಲೆ ಸುಸ್ತಾ? ನಿಮ್ಮ ಟಿ ಲೆವೆಲ್ ನೋಡಿಸಿಕೊಳ್ಳಿ’ ಅನ್ನುತ್ತಾರೆ.

ಟೆಸ್ಟೋಸ್ಟೆರಾನ್ ಚಿಕಿತ್ಸೆ ನಿಜವಾದ ಚಿಕಿತ್ಸೆ. ಅದು ಬೇಕಾದ ಗಂಡಸರು ನಮ್ಮ ಊರುಗಳಲ್ಲೇ ಇದ್ದಾರೆ, ಅವರಿಗೆ ಅದು ಸಿಗುತ್ತಿಲ್ಲ. ಬೇಡದವರಿಗೆ ಮಾತ್ರ ಸುಲಭವಾಗಿ ಸಿಗುತ್ತಿದೆ. ಈ ಎರಡರ ನಡುವೆ ನಿಂತಿರುವುದು ಪತ್ರಿಕೆ. ಜಾಹೀರಾತಿಗೆ ಜಾಗ ಕೊಡುವ ಪತ್ರಿಕೆ ಸುದ್ದಿಗೆ ಬಂದಾಗ ನಾಚಿಕೊಳ್ಳುತ್ತದೆ. ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಸುದ್ದಿ ಮಾಡುವ ನಾವು ಈ ನಾಚಿಕೆ ಬಿಡಬೇಕು ಎಂಬುದು ನಮ್ಮ ವಾದ.

ಮೊದಲು ಹಾರ್ಮೋನಿನ ವಿಷಯ

ಟೆಸ್ಟೋಸ್ಟೆರಾನ್ ಗಂಡಸಿನ ವೃಷಣದಲ್ಲಿ ತಯಾರಾಗುವ ಹಾರ್ಮೋನು. ಎಷ್ಟು ತಯಾರಾಗಬೇಕು ಎಂಬ ಆರ್ಡರ್ ಮಾತ್ರ ಮೇಲಿನಿಂದ ಬರುತ್ತದೆ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಲ್‌ಎಚ್ ಎಂಬ ಹಾರ್ಮೋನಿನ ಮೂಲಕ ವೃಷಣಕ್ಕೆ ಹೇಳುತ್ತದೆ. ರಕ್ತದಲ್ಲಿ ಸಾಕಷ್ಟಿದೆ ಅಂತ ಗೊತ್ತಾದರೆ ಮೇಲಿನವರು ಆರ್ಡರ್ ಕಡಿಮೆ ಮಾಡುತ್ತಾರೆ. ಓವರ್‌ಹೆಡ್ ಟ್ಯಾಂಕ್ ತುಂಬಿದಾಗ ಮೋಟರ್ ತಾನಾಗಿ ನಿಲ್ಲುವ ಹಾಗೆ. ಈ ಟ್ಯಾಂಕಿನ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಡ್ಡ ಮೀಸೆ ಬರುವುದು, ಧ್ವನಿ ಒಡೆಯುವುದು, ಸ್ನಾಯು ಬೆಳೆಯುವುದು, ಲೈಂಗಿಕ ಆಸಕ್ತಿ ಇವೆಲ್ಲ ಈ ಹಾರ್ಮೋನಿನ ಕೆಲಸ ಅಂತ ಹೆಚ್ಚಿನವರಿಗೆ ಗೊತ್ತು. ಮೂಳೆ ಗಟ್ಟಿಯಾಗಿರುವುದಕ್ಕೂ ಮೈಯಲ್ಲಿ ರಕ್ತ ಆಗುವುದಕ್ಕೂ ಇದು ಬೇಕು ಎಂಬುದು ಅಷ್ಟಾಗಿ ಗೊತ್ತಿಲ್ಲ. ಇದು ತೀರಾ ಕಡಿಮೆಯಾದ ಗಂಡಸಿಗೆ ಬರೀ ‘ಆ’ ಸಮಸ್ಯೆ ಬರುವುದಿಲ್ಲ. ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಎದೆ ಊದಿಕೊಳ್ಳಬಹುದು, ಬೆಳಗಿನ ಹೊತ್ತು ಸಹಜವಾಗಿ ಆಗುವ ನಿಮಿರುವಿಕೆ ನಿಂತುಹೋಗುತ್ತದೆ, ಮೈಮೇಲಿನ ಕೂದಲು ಉದುರುತ್ತದೆ.

ದೊಡ್ಡವರಲ್ಲಿ ಇದರ ಪ್ರಮಾಣ ಸುಮಾರಾಗಿ ಡೆಸಿಲೀಟರಿಗೆ 300ರಿಂದ 1,000 ನ್ಯಾನೊಗ್ರಾಂ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 300ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತದೆ. ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿ 264 ಎಂಬ ಅಂಕಿ ಹೇಳುತ್ತದೆ. ಅಂಕಿಗಿಂತ ಮುಖ್ಯ ಅದನ್ನು ನೋಡುವ ಕ್ರಮ. ಈ ಹಾರ್ಮೋನು ಬೆಳಗಿನ ಹೊತ್ತು ಹೆಚ್ಚು, ಸಂಜೆಗೆ ಇಳಿಯುತ್ತದೆ. ಊಟವಾದ ಮೇಲೂ ಇಳಿಯುತ್ತದೆ. ಜ್ವರ, ಕಾಯಿಲೆ ಇದ್ದಾಗ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಬೇಕು. ಎರಡು ಸಲವೂ ಕಡಿಮೆ ಬಂದು, ಜೊತೆಗೆ ಲಕ್ಷಣವೂ ಇದ್ದರೆ ಮಾತ್ರ ಅದನ್ನು ಕಾಯಿಲೆ ಅನ್ನಬೇಕು. ಆಮೇಲೂ ಎಲ್‌ಎಚ್, ಎಫ್‌ಎಸ್‌ಎಚ್ ನೋಡಿ ತೊಂದರೆ ವೃಷಣದಲ್ಲಿದೆಯೋ ಪಿಟ್ಯುಟರಿಯಲ್ಲಿದೆಯೋ ಅಂತ ತಿಳಿಯಬೇಕು.

ಸಂತೆಗೆ ಬಂದವನು ಮಧ್ಯಾಹ್ನ ಊಟ ಮುಗಿಸಿ ಮೂರು ಗಂಟೆಗೆ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟು, ಐದಕ್ಕೆ ರಿಪೋರ್ಟ್ ತಗೊಂಡು, ಆರಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ಕೊನೆ ಬಸ್ಸಿಗೆ ಊರಿಗೆ ಹೋದರೆ ಅದನ್ನು ತಪಾಸಣೆ ಅನ್ನಲಾಗದು.

ಬೇಕಾದವರು ಯಾರು?

ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವ ಗಂಡುಮಕ್ಕಳಿದ್ದಾರೆ. ಇದಕ್ಕೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಅನ್ನುತ್ತಾರೆ. ಅಪರೂಪದ್ದೇನಲ್ಲ, 500ರಿಂದ 1,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಹೆಚ್ಚಿನವರಿಗೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ. ದೊಡ್ಡ ವಯಸ್ಸಿನಲ್ಲಿ ಮಂಗನಬಾವು ಬಂದು ವೃಷಣಕ್ಕೆ ಇಳಿದವರು, ಚಿಕ್ಕಂದಿನಲ್ಲಿ ವೃಷಣ ಚೀಲಕ್ಕೆ ಇಳಿಯದೆ ಮೇಲೇ ಉಳಿದವರು, ಏಟು ಬಿದ್ದವರು, ಕ್ಯಾನ್ಸರ್‌ಗೆ ಕೀಮೋ ಅಥವಾ ರೇಡಿಯೇಶನ್ ಆದವರು, ಪಿಟ್ಯುಟರಿಯಲ್ಲಿ ಗಡ್ಡೆ ಇರುವವರು, ಥಲಸ್ಸೇಮಿಯಾಕ್ಕೆ ಪದೇ ಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ಕಬ್ಬಿಣ ತುಂಬಿಕೊಂಡವರು, ಆಸ್ತಮಾಕ್ಕೋ ಕೀಲುನೋವಿಗೋ ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದವರು ಇವರಲ್ಲೂ ಕಡಿಮೆಯಾಗಬಹುದು.

ನಮ್ಮ ಪರಿಚಯದ ಒಬ್ಬ ಹುಡುಗನ ವಿಷಯ ಹೇಳಬೇಕು. ಊರು, ಹೆಸರು ಬೇಡ. ಇಪ್ಪತ್ತೇಳಾದರೂ ಗಡ್ಡ ಬಂದಿರಲಿಲ್ಲ. ಉದ್ದನೆಯ ಕೈಕಾಲು, ತೆಳು ಧ್ವನಿ. ಫೋನಿನಲ್ಲಿ ಮಾತಾಡಿದರೆ ‘ಮೇಡಂ’ ಅನ್ನುವವರೇ ಹೆಚ್ಚು. ಊರಿನಲ್ಲಿ ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರು ಹರಕೆ ಹೊತ್ತರು, ಲಾಡ್ಜ್ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಮೂರು ವರ್ಷ ಪುಡಿ, ಲೇಹ್ಯ, ಎಣ್ಣೆ ನಡೆಯಿತು. ಒಂದು ಎಮ್ಮೆ ಮಾರಿದ ದುಡ್ಡು ಅದಕ್ಕೇ ಹೋಯಿತು. ಕೊನೆಗೆ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದಾಗ, ಈ ವಯಸ್ಸಿಗೆ ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಯಾಕೆ ಮುರಿಯಿತು ಅಂತ ಮೂಳೆ ಡಾಕ್ಟರಿಗೆ ಅನುಮಾನ ಬಂತು. ಅವರು ಬರೆದ ಚೀಟಿ ಹಿಡಿದು ಬೆಂಗಳೂರಿಗೆ ಹೋದಾಗ ಕ್ಲೈನ್‌ಫೆಲ್ಟರ್ ಅಂತ ಗೊತ್ತಾಯಿತು. ಈಗ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ‘ಅಣ್ಣ, ಇದು ಕಾಯಿಲೆ ಅಂತ ಮೊದಲೇ ಒಬ್ಬರು ಹೇಳಿದ್ದಿದ್ದರೆ ಸಾಕಿತ್ತು. ನಾನು ಸರಿಯಿಲ್ಲ ಅಂತ ಅಂದ್ಕೊಂಡಿದ್ದೆ’ ಅಂದ ಅವನು.

ಇಂಥವರಿಗೆ ಟೆಸ್ಟೋಸ್ಟೆರಾನ್ ಶೋಕಿಯಲ್ಲ. ಥೈರಾಯ್ಡ್ ಕಡಿಮೆ ಇದ್ದವರಿಗೆ ಥೈರಾಕ್ಸಿನ್ ಮಾತ್ರೆ ಇದ್ದ ಹಾಗೆ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇದ್ದ ಹಾಗೆ. ಎರಡು ಮೂರು ವಾರಕ್ಕೊಮ್ಮೆ ಹಾಕುವ ಇಂಜೆಕ್ಷನ್ ಇದೆ, ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ ಹಾಕುವ 1,000 ಮಿಲಿಗ್ರಾಂನ ದೀರ್ಘಾವಧಿ ಇಂಜೆಕ್ಷನ್ ಇದೆ, ದಿನಾ ಚರ್ಮಕ್ಕೆ ಹಚ್ಚುವ ಜೆಲ್ ಇದೆ, ಮಾತ್ರೆಯೂ ಇದೆ. ಜೆಲ್ ಹಚ್ಚಿದವರು ಕೈ ತೊಳೆದು, ಹಚ್ಚಿದ ಜಾಗ ಬಟ್ಟೆಯಿಂದ ಮುಚ್ಚಬೇಕು. ಮನೆಯ ಹೆಂಗಸರ, ಮಕ್ಕಳ ಮೈಗೆ ತಗುಲಿದರೆ ಅವರಲ್ಲಿ ಹಾರ್ಮೋನ್ ಏರುಪೇರಾಗುತ್ತದೆ. ಇಷ್ಟೆಲ್ಲ ಇದ್ದೂ ಹಳ್ಳಿಯ ರೋಗಿಯನ್ನು ಈ ಔಷಧಿಯವರೆಗೆ ತಲುಪಿಸುವ ದಾರಿ ಇಲ್ಲ. ಹಾರ್ಮೋನ್ ತಜ್ಞರು ದೊಡ್ಡ ಊರುಗಳಲ್ಲಿದ್ದಾರೆ. ಅಲ್ಲಿಗೆ ಹೋಗಬೇಕು ಅಂತ ಹೇಳುವವರು ಊರಿನಲ್ಲಿಲ್ಲ.

ಬೇಡದವರು ಯಾರು?

ಇನ್ನೊಂದು ಕಡೆ ಸುಸ್ತಾದ ಗಂಡಸರ ದೊಡ್ಡ ಗುಂಪೇ ಇದೆ. ಲಾರಿ ಓಡಿಸಿ ನಿದ್ದೆಗೆಟ್ಟವರು, ಗಾರ್ಮೆಂಟ್ಸ್‌ನ ನೈಟ್ ಶಿಫ್ಟ್‌ನವರು, ಸಾಲ ಮಾಡಿ ಹಾಕಿದ ಬೆಳೆ ಕೈಕೊಟ್ಟವರು, ಸಂಜೆಯಾದರೆ ಬಾರ್ ಬಿಟ್ಟು ಬೇರೆ ಜಾಗ ಇಲ್ಲದವರು, ಹೊಟ್ಟೆ ಬಂದು ಬಿಪಿ, ಶುಗರ್ ಎರಡೂ ಬಂದವರು. ಇವರ ಟೆಸ್ಟೋಸ್ಟೆರಾನ್ ನೋಡಿದರೆ ಕೆಲವರದು ಸ್ವಲ್ಪ ಕಡಿಮೆ ಇರಲೂಬಹುದು. ಬೊಜ್ಜು, ಮಧುಮೇಹ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಹೆಚ್ಚು ಕುಡಿತ ಇವೆಲ್ಲ ಇದನ್ನು ಇಳಿಸುತ್ತವೆ. ವಯಸ್ಸಾದಂತೆ ವರ್ಷಕ್ಕೆ ಸರಾಸರಿ ಶೇ 1ರಷ್ಟು ತಾನಾಗಿ ಇಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳೇ 10 ಕೋಟಿಗೂ ಹೆಚ್ಚು. ಅಂದಮೇಲೆ ಈ ಗುಂಪು ಎಷ್ಟು ದೊಡ್ಡದು, ಈ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ.

ಇವರಲ್ಲಿ ಬಹಳಷ್ಟು ಜನರಿಗೆ ತೂಕ ಇಳಿಸಿದರೆ, ಶುಗರ್ ಹತೋಟಿಗೆ ಬಂದರೆ, ಕುಡಿತ ಬಿಟ್ಟು ನಿದ್ದೆ ಸರಿಹೋದರೆ ಹಾರ್ಮೋನು ತಾನಾಗಿ ಏರುತ್ತದೆ. ಇನ್ನು ಕೆಲವರಿಗೆ ಇರುವುದು ಖಿನ್ನತೆ. ಅದಕ್ಕೆ ಬೇಕಾದ ಚಿಕಿತ್ಸೆಯೇ ಬೇರೆ. ಇನ್ನು ಕೆಲವರಿಗೆ ಕಾಯಿಲೆಯೇ ಇಲ್ಲ, ಭಯ ಮಾತ್ರ ಇದೆ. ವೀರ್ಯ ಹೋದರೆ ಶಕ್ತಿ ಹೋಗುತ್ತದೆ ಎಂಬ ನಮ್ಮ ದೇಶದ ಹಳೆಯ ಭಯಕ್ಕೆ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಆ ಭಯವನ್ನೇ ಈಗ ಹಾರ್ಮೋನಿನ ಹೆಸರಿನಲ್ಲಿ ಮಾರುತ್ತಿದ್ದಾರೆ.

ವಯಸ್ಸಾದವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ಹುರುಪು ವಾಪಸ್ ಬರುತ್ತದೆಯೇ? ಇದನ್ನು ಸರಿಯಾಗಿ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ 65 ದಾಟಿದ, ಹಾರ್ಮೋನ್ ಕಡಿಮೆಯಿದ್ದ 790 ಗಂಡಸರಿಗೆ ಒಂದು ವರ್ಷ ಅರ್ಧ ಜನಕ್ಕೆ ಔಷಧಿ ಜೆಲ್, ಅರ್ಧ ಜನಕ್ಕೆ ಖಾಲಿ ಜೆಲ್ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಲೈಂಗಿಕ ಆಸಕ್ತಿ ಸಾಧಾರಣ ಮಟ್ಟಿಗೆ ಸುಧಾರಿಸಿತ್ತು. ಸುಸ್ತು ಹೋಗುತ್ತದೆ ಎಂಬುದು ಸಾಬೀತಾಗಲಿಲ್ಲ. ನಮ್ಮ ಕಡೆಯ ಜಾಹೀರಾತುಗಳು ಮೊದಲು ಹೇಳುವುದೇ ಸುಸ್ತಿನ ಮಾತು.

ಯಾರೂ ಹೇಳದ ಮಾತು: ಮಕ್ಕಳಾಗುವುದು ನಿಲ್ಲುತ್ತದೆ

ಈಗ ಆ ಟ್ಯಾಂಕಿನ ಲೆಕ್ಕಕ್ಕೆ ಬನ್ನಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿದರೆ ರಕ್ತದಲ್ಲಿ ಅದು ತುಂಬಿರುತ್ತದೆ. ಟ್ಯಾಂಕ್ ತುಂಬಿದೆ ಅಂತ ಪಿಟ್ಯುಟರಿ ಮೋಟರ್ ನಿಲ್ಲಿಸುತ್ತದೆ. ಎಲ್‌ಎಚ್ ನಿಂತರೆ ವೃಷಣದೊಳಗೆ ಹಾರ್ಮೋನ್ ತಯಾರಿಕೆ ನಿಲ್ಲುತ್ತದೆ, ಎಫ್‌ಎಸ್‌ಎಚ್ ನಿಂತರೆ ವೀರ್ಯಾಣುವಿಗೆ ಬರುವ ಆರ್ಡರೂ ನಿಲ್ಲುತ್ತದೆ. ವೀರ್ಯಾಣು ತಯಾರಾಗಲು ರಕ್ತದಲ್ಲಿರುವ ಟೆಸ್ಟೋಸ್ಟೆರಾನ್ ಸಾಲದು, ವೃಷಣದೊಳಗೇ ಅದು ಬಹಳ ಹೆಚ್ಚಿನ ಪ್ರಮಾಣದಲ್ಲಿ ಇರಬೇಕು. ಹಾಗಾಗಿ ಇಂಜೆಕ್ಷನ್ ತಗೊಂಡವನ ವೀರ್ಯಾಣು ಇಳಿಯುತ್ತಾ ಸೊನ್ನೆಯಾಗಬಹುದು. ವೃಷಣವೂ ಸಣ್ಣದಾಗುತ್ತದೆ.

ಇದು ನಮ್ಮ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. ವಾರಕ್ಕೆ 200 ಮಿಲಿಗ್ರಾಂನಂತೆ 271 ಆರೋಗ್ಯವಂತ ಗಂಡಸರಿಗೆ ಕೊಟ್ಟ ಆ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಆರು ತಿಂಗಳೊಳಗೆ 157 ಜನರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಗರ್ಭನಿರೋಧಕ ಅಂತ ಪರೀಕ್ಷೆಯಾದ ಔಷಧಿಯನ್ನು ನಮ್ಮ ಕಡೆ ಮದುವೆಯಾದ ಹೊಸದರಲ್ಲಿ ‘ಪವರ್’ಗೆ ಅಂತ ಹಾಕುತ್ತಿದ್ದಾರೆ.

ಇದರ ಏಟು ಯಾರಿಗೆ ಬೀಳುತ್ತದೆ ಅಂತ ನಮ್ಮ ಊರುಗಳನ್ನು ಬಲ್ಲವರಿಗೆ ಹೇಳಬೇಕಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದ ಒಂದು ಜೋಡಿಯನ್ನು ಬಲ್ಲೆವು. ಹೆಂಡತಿಗೆ ಸ್ಕ್ಯಾನಿಂಗ್ ಆಯಿತು, ಟ್ಯೂಬ್ ಟೆಸ್ಟ್ ಆಯಿತು, ನಾಗರ ಪ್ರತಿಷ್ಠೆ ಆಯಿತು. ಅತ್ತೆ ಎರಡನೇ ಮದುವೆಯ ಮಾತು ತೆಗೆದಿದ್ದರು. ಕೊನೆಗೆ ಒಬ್ಬ ಲೇಡಿ ಡಾಕ್ಟರ್ ‘ಮೊದಲು ನಿಮ್ಮ ಯಜಮಾನರನ್ನ ಕರ್ಕೊಂಡು ಬಾಮ್ಮ, ಆಮೇಲೆ ನಿನ್ನನ್ನ ನೋಡ್ತೀನಿ’ ಅಂದರಂತೆ. ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬಂತು. ಏನಾದರೂ ಇಂಜೆಕ್ಷನ್ ತಗೋತೀರಾ ಅಂತ ಕೇಳಿದಾಗ ಗಂಡ ಬಾಯಿಬಿಟ್ಟ. ಜಿಮ್‌ನ ಸೀನಿಯರ್ ಒಬ್ಬ ಒಂದೂವರೆ ವರ್ಷದಿಂದ ಹಾಕುತ್ತಿದ್ದನಂತೆ. ಅಷ್ಟೂ ದಿನ ಆಕೆ ಬಂಜೆ ಅನ್ನಿಸಿಕೊಂಡಿದ್ದಳು.

ಇಂಜೆಕ್ಷನ್ ನಿಲ್ಲಿಸಿದರೆ ಹೆಚ್ಚಿನವರಿಗೆ ವೀರ್ಯಾಣು ವಾಪಸ್ ಬರುತ್ತದೆ. ಆದರೆ ಕೆಲವು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯಬಹುದು, ಎಲ್ಲರಿಗೂ ಬಂದೇ ಬರುತ್ತದೆ ಅಂತ ಭರವಸೆ ಇಲ್ಲ. ಹಾರ್ಮೋನ್ ನಿಜಕ್ಕೂ ಕಡಿಮೆಯಿದ್ದು ಮಕ್ಕಳೂ ಬೇಕು ಅನ್ನುವವರಿಗೆ ತೊಂದರೆ ಪಿಟ್ಯುಟರಿಯಲ್ಲಿದ್ದರೆ ಎಚ್‌ಸಿಜಿಯಂಥ ಬೇರೆ ಔಷಧಿಗಳಿವೆ. ಅದಕ್ಕೇ ಒಳ್ಳೆಯ ವೈದ್ಯರು ಇದನ್ನು ಬರೆಯುವ ಮೊದಲು ‘ಮುಂದೆ ಮಕ್ಕಳು ಬೇಕಾ?’ ಅಂತ ಕೇಳುತ್ತಾರೆ. ಲಾಡ್ಜ್‌ನಲ್ಲಿ, ಜಿಮ್‌ನಲ್ಲಿ ಆ ಪ್ರಶ್ನೆ ಕೇಳುವವರಿಲ್ಲ.

ಹೆದರಿಸುವುದೂ ಬೇಡ

ಹಾಗಂತ ಇದು ವಿಷ ಅಂತ ಬರೆಯುವುದೂ ಸುಳ್ಳೇ. ಹೃದಯಾಘಾತ ಹೆಚ್ಚುತ್ತದೆ ಎಂಬ ಅನುಮಾನದ ಮೇಲೆ ಅಮೆರಿಕದ ಎಫ್‌ಡಿಎ 2015ರಲ್ಲಿ ಔಷಧಿಯ ಲೇಬಲ್ ಮೇಲೆ ಎಚ್ಚರಿಕೆ ಹಾಕಿಸಿತು. ಆಮೇಲೆ 45ರಿಂದ 80 ವಯಸ್ಸಿನ, ಹೃದ್ರೋಗ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ 5,200ಕ್ಕೂ ಹೆಚ್ಚು ಜನರ ಮೇಲೆ ‘ಟ್ರಾವರ್ಸ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2023ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿರಲಿಲ್ಲ. ಆದರೆ ಹೃದಯದ ಬಡಿತ ತಾಳ ತಪ್ಪುವುದು, ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟಿ ಹೋಗುವುದು, ಕಿಡ್ನಿಗೆ ಪೆಟ್ಟು ಬೀಳುವುದು ಸ್ವಲ್ಪ ಹೆಚ್ಚು ಕಂಡವು. 2025ರಲ್ಲಿ ಎಫ್‌ಡಿಎ ಲೇಬಲ್ ಬದಲಿಸಲು ಹೇಳಿತು, ರಕ್ತದೊತ್ತಡ ಏರುವ ಬಗ್ಗೆ ಎಚ್ಚರಿಕೆ ಇರಲಿ ಅಂದಿತು.

ಸರಿಯಾದ ರೋಗಿಗೆ, ಸರಿಯಾದ ಪ್ರಮಾಣದಲ್ಲಿ, ನಿಗಾ ಇಟ್ಟು ಕೊಟ್ಟರೆ ಇದು ಉಪಯೋಗದ ಔಷಧಿ. ‘ನಿಗಾ’ ಎಂಬ ಪದದ ಮೇಲೆ ಎಲ್ಲ ನಿಂತಿದೆ. ಈ ಇಂಜೆಕ್ಷನ್ ರಕ್ತವನ್ನು ಗಟ್ಟಿ ಮಾಡುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೊಕ್ರಿಟ್, ಶೇ 54 ದಾಟಿದರೆ ಔಷಧಿ ನಿಲ್ಲಿಸಬೇಕು. ವಯಸ್ಸಾದವರಿಗೆ ಪ್ರೋಸ್ಟೇಟ್‌ನ ಪಿಎಸ್‌ಎ ಪರೀಕ್ಷೆ ಮಾಡುತ್ತಿರಬೇಕು. ಪ್ರೋಸ್ಟೇಟ್ ಕ್ಯಾನ್ಸರ್, ಗಂಡಸರ ಸ್ತನ ಕ್ಯಾನ್ಸರ್ ಇದ್ದವರಿಗೆ ಕೊಡುವಂತಿಲ್ಲ. ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೂ, ಹತ್ತಿರದಲ್ಲೇ ಮಗು ಬೇಕು ಅನ್ನುವವರಿಗೂ ಕೊಡಬಾರದು. ತಿಂಗಳಿಗೊಮ್ಮೆ ಭಾನುವಾರ ಬಂದು ಸೋಮವಾರ ಬೇರೆ ಜಿಲ್ಲೆಗೆ ಹೋಗುವವರು ಯಾರ ಮೇಲೆ ನಿಗಾ ಇಡುತ್ತಾರೆ?

‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಅನ್ನುವ ಪುಡಿ, ಕ್ಯಾಪ್ಸೂಲ್‌ಗಳದ್ದು ಇನ್ನೊಂದು ಕತೆ. ಗಂಡಸರ ಶಕ್ತಿಗೆ ಅಂತ ಮಾರುವ ಇಂಥ ಉತ್ಪನ್ನಗಳಲ್ಲಿ ಲೇಬಲ್ ಮೇಲೆ ಹೇಳದೆ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ತಗೊಳ್ಳುವವನು ಇದನ್ನು ನುಂಗಿದರೆ ಬಿಪಿ ಪಾತಾಳಕ್ಕಿಳಿದು ಪ್ರಾಣಕ್ಕೇ ಬರಬಹುದು.

ಹಳೆಯ ವ್ಯಾಪಾರ

ಈ ವ್ಯಾಪಾರ ನಮ್ಮ ಹಳ್ಳಿಯವರು ದಡ್ಡರು ಅಂತ ನಡೆಯುತ್ತಿರುವುದಲ್ಲ. 1889ರಲ್ಲಿ ಪ್ಯಾರಿಸ್‌ನ ಹೆಸರಾಂತ ವಿಜ್ಞಾನಿ ಬ್ರೌನ್ ಸೆಕ್ವಾರ್ ತನ್ನ 72ನೇ ವಯಸ್ಸಿನಲ್ಲಿ ನಾಯಿ, ಗಿನಿಪಿಗ್‌ಗಳ ವೃಷಣದ ರಸವನ್ನು ಚುಚ್ಚಿಸಿಕೊಂಡು ಯೌವನ ಬಂತು ಅಂತ ಸಾರಿದ. 1920ರ ದಶಕದಲ್ಲಿ ಸರ್ಜ್ ವೊರೊನಾಫ್ ಎಂಬ ಸರ್ಜನ್ ಶ್ರೀಮಂತರಿಗೆ ಮಂಗದ ವೃಷಣದ ಚೂರು ಕಸಿ ಮಾಡಿ ದುಡ್ಡು ಮಾಡಿದ. ನಿಜವಾದ ಟೆಸ್ಟೋಸ್ಟೆರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ. ಅದನ್ನು ಕೃತಕವಾಗಿ ತಯಾರಿಸಿದ ಬುಟೆನಾಂಟ್, ರುಜಿಕಾ ಇಬ್ಬರೂ 1939ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅಮೆರಿಕದಲ್ಲಿ ‘ಲೋ ಟಿ’ ಅಂತ ಟಿವಿ ಜಾಹೀರಾತು ಬಂದ ಕಾಲದಲ್ಲಿ, 2001ರಿಂದ 2011ರ ನಡುವೆ, 40 ದಾಟಿದವರಲ್ಲಿ ಇದನ್ನು ಬಳಸುವವರ ಪ್ರಮಾಣ ಮೂರು ಪಟ್ಟಿಗೂ ಹೆಚ್ಚಾಯಿತು. ಓದಿದವರು, ದುಡ್ಡಿದ್ದವರೂ ಬಿದ್ದಿದ್ದಾರೆ. ಗಂಡಸು ತನ್ನ ಭಯವನ್ನು ಬಾಯಿಬಿಟ್ಟು ಹೇಳಲಾರ ಎಂಬುದೇ ಎಲ್ಲ ಕಾಲದಲ್ಲೂ ಈ ವ್ಯಾಪಾರದ ಬಂಡವಾಳ.

ಕಾನೂನು ನಮಗೂ ಅನ್ವಯ

ಈಗ ನಮ್ಮ ಕಸುಬಿನ ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ 3ನೇ ಸೆಕ್ಷನ್ ಓದಿ. ಲೈಂಗಿಕ ಸುಖದ ಸಾಮರ್ಥ್ಯ ಉಳಿಸುತ್ತೇವೆ, ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವಂತಿಲ್ಲ. ಕೊಟ್ಟವನಷ್ಟೇ ಅಲ್ಲ, ಅದರ ಪ್ರಕಟಣೆಯಲ್ಲಿ ಯಾರೂ ಯಾವುದೇ ರೀತಿಯಲ್ಲಿ ಪಾಲ್ಗೊಳ್ಳುವಂತಿಲ್ಲ ಅನ್ನುತ್ತದೆ ಕಾಯ್ದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ಟೆಸ್ಟೋಸ್ಟೆರಾನ್ ಶೆಡ್ಯೂಲ್ ಎಚ್ ಔಷಧಿ, ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರ್‌ನಲ್ಲಿ ಮಾರುವಂತಿಲ್ಲ. ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು. ಲಾಡ್ಜ್ ರೂಮಿಗೆ ಆ ನೋಂದಣಿ ಇದೆಯೇ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳುವುದು ಅರ್ಧ ದಿನದ ಕೆಲಸ. ಅದು ಸುದ್ದಿ.

ಕಾನೂನು ಹೇಳಿದರೆ ಹೊಟ್ಟೆ ತುಂಬುವುದಿಲ್ಲ ಅನ್ನುವ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಸಂಬಳ ಅಂತ ಇಲ್ಲ. ಸುದ್ದಿಗೆ ಸಿಗುವುದು ಪೆಟ್ರೋಲಿಗೂ ಸಾಲದು. ಜಾಹೀರಾತಿನ ಕಮಿಷನ್ ಬಂದರೆ ಮನೆ ನಡೆಯುತ್ತದೆ. ದೀಪಾವಳಿ ಪುರವಣಿ ಬಂತೆಂದರೆ ‘ಏನ್ರೀ, ನಿಮ್ಮ ತಾಲ್ಲೂಕಿಂದು ಎಷ್ಟಾಯ್ತು?’ ಅಂತ ದಿನಕ್ಕೆರಡು ಫೋನು. ಊರಿನ ಅಂಗಡಿಯವರು ಸಾಲ ಹೇಳುತ್ತಾರೆ, ರಾಜಕಾರಣಿಗಳು ಆಮೇಲೆ ಅನ್ನುತ್ತಾರೆ. ಮುಂಗಡ ನಗದು ಕೊಡುವವರು ಈ ಲಾಡ್ಜ್‌ನವರೇ. ಸ್ಟ್ರಿಂಗರನ್ನು ಜಾಹೀರಾತು ಏಜೆಂಟ್ ಮಾಡಿದ ಪತ್ರಿಕೆಗಳು ಮೊದಲು ಉತ್ತರ ಹೇಳಬೇಕು. ವರದಿಗಾರ ವರದಿ ಮಾಡಲಿ, ಜಾಹೀರಾತಿಗೆ ಬೇರೆ ಜನ ಇರಲಿ ಎಂಬುದು ನಮ್ಮ ಹಳೆಯ ಬೇಡಿಕೆ. ಈ ವಿಷಯದಲ್ಲಿ ಆ ಬೇಡಿಕೆಗೆ ಸಂಬಳದ ಕಾರಣವಷ್ಟೇ ಅಲ್ಲ, ಓದುಗರ ಆರೋಗ್ಯದ ಕಾರಣವೂ ಇದೆ.

ಇನ್ನೊಂದು ಆಕ್ಷೇಪ ಸಂಪಾದಕೀಯ ಡೆಸ್ಕ್‌ನದು. ಇಂಥದ್ದನ್ನೆಲ್ಲ ಬರೆದರೆ ಮನೆಮಂದಿ ಓದುವ ಪೇಪರು ಅಂತ ಓದುಗರು ಬೈಯುತ್ತಾರೆ ಅನ್ನುತ್ತಾರೆ. ಅದೇ ಮನೆಮಂದಿ ಓದುವ ಪೇಪರಿನ ಏಳನೇ ಪುಟದಲ್ಲಿ ಆ ಬಾಕ್ಸ್ ಇದೆಯಲ್ಲ! ವೃಷಣ, ವೀರ್ಯಾಣು ಅಂತ ಬರೆದರೆ ಅಶ್ಲೀಲ, ‘ಕಳೆದುಕೊಂಡ ಶಕ್ತಿ 7 ದಿನದಲ್ಲಿ ವಾಪಸ್’ ಅಂತ ಬರೆದರೆ ಆದಾಯ. ಈ ಲೆಕ್ಕ ನಮಗೆ ಅರ್ಥವಾಗಿಲ್ಲ. ಮುಟ್ಟಿನ ಬಗ್ಗೆ, ಗರ್ಭಕೋಶದ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯಲು ಆಗುವುದಿಲ್ಲ ಅನ್ನುತ್ತಿದ್ದ ಕಾಲವೂ ಇತ್ತು. ಬರೆದರು, ಓದುಗರು ಓದಿದರು.

ಏನಾಗಬೇಕು?

ನಾವು ಕೆಲವರು ಸೇರಿ ಒಂದಿಷ್ಟು ಮಾತಾಡಿಕೊಂಡಿದ್ದೇವೆ. ಗ್ಯಾರಂಟಿ, ಗೌಪ್ಯ, ಪುರುಷ ಶಕ್ತಿ ಎಂಬ ಪದವಿರುವ ಜಾಹೀರಾತನ್ನು ನಾವು ತರುವುದಿಲ್ಲ. ಮೇಲಿನಿಂದ ಒತ್ತಡ ಬಂದರೆ 1954ರ ಕಾಯ್ದೆಯ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ಚೀಟಿಯಿಲ್ಲದೆ ಹಾರ್ಮೋನ್ ಇಂಜೆಕ್ಷನ್ ಮಾರುವ ಬಗ್ಗೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿ ಎಷ್ಟು ತಪಾಸಣೆ ಮಾಡಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ. ವರ್ಷಕ್ಕೆ ಒಂದಾದರೂ ವರದಿ ಗಂಡಸರ ಹಾರ್ಮೋನ್, ಬಂಜೆತನದ ಬಗ್ಗೆ ಮಾಡುತ್ತೇವೆ. ರೋಗಿಯ ಹೆಸರು, ಊರು, ಗುರುತು ಹಾಕದೆ.

ಆರೋಗ್ಯ ಇಲಾಖೆಗೂ ಹೇಳುವುದಿದೆ. ಆಶಾ ಕಾರ್ಯಕರ್ತೆಯರು ಹೆಂಗಸರ ಜೊತೆ ಮಾತಾಡುತ್ತಾರೆ, ಗಂಡಸರ ಜೊತೆ ಈ ವಿಷಯ ಮಾತಾಡುವವರು ಯಾರೂ ಇಲ್ಲ. ಬಿಪಿ, ಶುಗರ್ ನೋಡಲು ಬರುವ ಗಂಡಸಿಗೆ ಪುರುಷ ಆರೋಗ್ಯ ಸಹಾಯಕರೋ ಸಮುದಾಯ ಆರೋಗ್ಯ ಅಧಿಕಾರಿಯೋ ಎರಡು ಪ್ರಶ್ನೆ ಹೆಚ್ಚಿಗೆ ಕೇಳಬಹುದು. ಹದಿಹರೆಯದವರಿಗೆ ಅಂತ ಇರುವ ಸ್ನೇಹ ಕ್ಲಿನಿಕ್‌ಗೆ ಗಂಡುಹುಡುಗರೂ ಹೋಗುವಂತಾಗಬೇಕು. ಹದಿನಾಲ್ಕು ತುಂಬಿದರೂ ದೇಹ ಬೆಳೆಯುವ ಲಕ್ಷಣವೇ ಕಾಣದ ಹುಡುಗನನ್ನು ಶಾಲಾ ತಪಾಸಣೆಯಲ್ಲೇ ಗುರುತಿಸಿ ಜಿಲ್ಲಾಸ್ಪತ್ರೆಗೆ ಕಳಿಸಬೇಕು. ಮಕ್ಕಳಾಗದ ದಂಪತಿ ಬಂದರೆ ಗಂಡನ ವೀರ್ಯ ಪರೀಕ್ಷೆಯೂ ಮೊದಲ ದಿನವೇ ಆಗಬೇಕು. ಅದು ಹೆಂಡತಿಗೆ ಮಾಡುವ ಪರೀಕ್ಷೆಗಳಿಗಿಂತ ಸುಲಭ, ಖರ್ಚೂ ಕಡಿಮೆ, ನೋವಂತೂ ಇಲ್ಲ.

ಇದನ್ನು ಓದುತ್ತಿರುವ ಗಂಡಸರಿಗೆ, ಅವರ ಮನೆಯವರಿಗೆ ಇಷ್ಟು ಹೇಳುತ್ತೇವೆ. ಯಾರಾದರೂ ನಿಮಗೆ ಹಾರ್ಮೋನ್ ಇಂಜೆಕ್ಷನ್ ಹಾಕುತ್ತೇನೆ ಅಂದರೆ ತೋಳು ಮಡಿಸುವ ಮೊದಲು ಕೇಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಸಲ ರಕ್ತ ನೋಡಿದ್ದೀರಾ? ಯಾಕೆ ಕಡಿಮೆಯಾಗಿದೆ ಅಂತ ಕಾರಣ ಹುಡುಕಿದ್ದೀರಾ? ಮಕ್ಕಳಾಗುವುದಕ್ಕೆ ತೊಂದರೆಯಾಗುತ್ತದಾ? ಮೂರು ತಿಂಗಳು ಬಿಟ್ಟು ರಕ್ತ ಗಟ್ಟಿಯಾಗಿದೆಯಾ ಅಂತ ನೋಡುವವರು ಯಾರು? ನಿಮ್ಮ ಹೆಸರು, ನೋಂದಣಿ ಸಂಖ್ಯೆ ಇರುವ ಚೀಟಿ ಬರೆದುಕೊಡುತ್ತೀರಾ?

ಐದಕ್ಕೂ ನೇರ ಉತ್ತರ ಬಂದರೆ ನಾಚಿಕೆ ಬಿಟ್ಟು ಚಿಕಿತ್ಸೆ ತಗೊಳ್ಳಿ, ಅದು ನಿಮ್ಮ ಹಕ್ಕು. ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ. ಬರುವಾಗ ಆ ಜಾಹೀರಾತಿನ ಪುಟ ಮಡಚಿ ಜೇಬಿಗೆ ಹಾಕಿಕೊಂಡು, ನಿಮ್ಮ ಊರಿನ ಸುದ್ದಿಗಾರನ ಕೈಗೆ ಕೊಡಿ.